ಭಾರ ಇದ್ದರೆ ಮ್ಯೂಸಿಕ್ ಸ್ಟ್ಯಾಂಡ್ ಬೀಳುವುದಿಲ್ಲವೇ? ಮಡಚುವ ಸ್ಟ್ಯಾಂಡ್ ಕೊಳ್ಳುವ ಮುನ್ನ ಇದನ್ನು ಓದಿ

ಗಣೇಶ ಹಬ್ಬ ಬಂತೆಂದರೆ ಕರ್ನಾಟಕದಲ್ಲಿ ಆರ್ಕೆಸ್ಟ್ರಾಗಳ ಕಾಲ ಶುರು. ಬೀದಿ ಪೆಂಡಾಲ್‌ನಿಂದ ಹಿಡಿದು ನವೆಂಬರ್‌ನ ರಾಜ್ಯೋತ್ಸವದ ವೇದಿಕೆವರೆಗೆ ಗಾಯಕರು, ಕೀಬೋರ್ಡ್, ಗಿಟಾರ್, ಪಿಟೀಲು ನುಡಿಸುವವರು ಊರಿಂದ ಊರಿಗೆ ಓಡಾಡುತ್ತಾರೆ. ಒಂದೇ ರಾತ್ರಿಯಲ್ಲಿ ಇಪ್ಪತ್ತು ಮೂವತ್ತು ಹಾಡು ಹಾಡಬೇಕಾದವರಿಗೆ ಸಾಹಿತ್ಯವನ್ನೋ ನೊಟೇಶನ್ನನ್ನೋ ಕಣ್ಣೆದುರು ಇಟ್ಟುಕೊಳ್ಳದೆ ವಿಧಿಯಿಲ್ಲ. ಹಾಗಾಗಿ ಅವರ ಸಾಮಾನಿನ ಜೊತೆ ಒಂದು ಮಡಚುವ ಮ್ಯೂಸಿಕ್ ಸ್ಟ್ಯಾಂಡ್ ಇದ್ದೇ ಇರುತ್ತದೆ.

ಇಡೀ ವೇದಿಕೆಯಲ್ಲಿ ಬಹುಶಃ ಅತಿ ಅಗ್ಗದ ವಸ್ತು ಅದೇ. ಆದರೆ ಅದು ಬಿದ್ದರೆ ಆಗುವ ನಷ್ಟ ಅಗ್ಗದ್ದಲ್ಲ. ಪಕ್ಕದಲ್ಲಿರುವ ಪಿಟೀಲಿನ ಮೇಲೆ ಬೀಳಬಹುದು, ಮೈಕ್ ಎಳೆದುಕೊಂಡು ಬೀಳಬಹುದು, ಮೇಲಿಟ್ಟ ಟ್ಯಾಬ್ಲೆಟ್‌ನ ಗಾಜು ಒಡೆಯಬಹುದು, ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ತಗುಲಬಹುದು.

ಸ್ಟ್ಯಾಂಡ್ ಕೊಳ್ಳಲು ಹೋದಾಗ ಅಂಗಡಿಯವರಿಂದ, ಗೆಳೆಯರಿಂದ, ಆನ್‌ಲೈನ್ ಜಾಹೀರಾತಿನಿಂದ ಕೆಲವು ಮಾತು ಪದೇ ಪದೇ ಕೇಳಿಬರುತ್ತವೆ. ‘ಭಾರ ಇದ್ದರೆ ಗಟ್ಟಿ’, ‘ಉಕ್ಕಿನದೇ ತಗೊಳ್ಳಿ’, ‘ತೂತು ಇರುವ ಪ್ಲೇಟ್ ಆದರೆ ಗಾಳಿಗೆ ಬೀಳಲ್ಲ’, ‘ಇದು 10 ಕೆ.ಜಿ. ತಡೆಯುತ್ತೆ’. ಇವುಗಳಲ್ಲಿ ಎಷ್ಟು ನಿಜ? ಶಾಲೆಯಲ್ಲಿ ಓದಿದ ಭೌತಶಾಸ್ತ್ರದಿಂದಲೇ ಇದಕ್ಕೆ ಉತ್ತರ ಸಿಗುತ್ತದೆ.

‘ಗಟ್ಟಿ’ ಎಂಬ ಒಂದು ಪದ, ಮೂರು ಅರ್ಥ

ನಾವು ‘ಗಟ್ಟಿ ಸ್ಟ್ಯಾಂಡ್’ ಎನ್ನುವಾಗ ಮೂರು ಬೇರೆ ಬೇರೆ ಗುಣಗಳನ್ನು ಬೆರೆಸಿ ಹೇಳುತ್ತಿರುತ್ತೇವೆ.

ಒಂದು, ಅದು ಉರುಳಬಾರದು. ಇದನ್ನು ತೀರ್ಮಾನಿಸುವುದು ಕಾಲುಗಳ ಹರವು, ಎತ್ತರ, ಮತ್ತು ತೂಕ ಎಲ್ಲಿದೆ ಎಂಬುದು.

ಎರಡು, ಅದು ಅಲುಗಾಡಬಾರದು, ಬಾಗಬಾರದು. ಇದು ಪೈಪಿನ ದಪ್ಪ ಮತ್ತು ಲೋಹವನ್ನು ಅವಲಂಬಿಸಿದೆ.

ಮೂರು, ಅದು ಬೇಗ ಕೆಡಬಾರದು. ಇದು ತಿರುಪು, ರಿವಿಟ್, ಪ್ಲಾಸ್ಟಿಕ್ ಜೋಡಣೆಗಳ ಗುಣಮಟ್ಟಕ್ಕೆ ಸೇರಿದ್ದು.

ಒಂದು ಸ್ಟ್ಯಾಂಡ್ ಎರಡನೆಯ ಪರೀಕ್ಷೆಯಲ್ಲಿ ಗೆದ್ದು ಮೊದಲನೆಯದರಲ್ಲಿ ಸೋಲಬಹುದು. ದಪ್ಪ ಪೈಪ್ ಇದ್ದೂ ಕಾಲು ಕಿರಿದಾಗಿದ್ದರೆ ಅದು ಬಾಗದೆ, ಮುರಿಯದೆ, ನೆಟ್ಟಗೆ ಉರುಳಿ ಬೀಳುತ್ತದೆ. ಆದ್ದರಿಂದ ‘ಗಟ್ಟಿ ಇದೆಯಾ?’ ಎಂದಷ್ಟೇ ಕೇಳಿದರೆ ಸಾಲದು.

ಹೇಳಿಕೆ 1: ಭಾರ ಇದ್ದರೆ ಬೀಳುವುದಿಲ್ಲ

ಇದು ಅರ್ಧ ಸತ್ಯ. ಭಾರ ಕೆಳಗಿದ್ದರೆ ಒಳ್ಳೆಯದು, ಮೇಲಿದ್ದರೆ ಅದೇ ಶತ್ರು.

ಯಾವುದೇ ವಸ್ತುವಿಗೆ ಗುರುತ್ವ ಕೇಂದ್ರ ಇರುತ್ತದೆ, ಅಂದರೆ ಅದರ ಭಾರವೆಲ್ಲ ಒಂದೆಡೆ ಸೇರಿದೆ ಎಂದು ಭಾವಿಸಬಹುದಾದ ಬಿಂದು. ಆ ಬಿಂದುವಿನಿಂದ ನೆಲಕ್ಕೆ ಎಳೆದ ನೇರ ಗೆರೆ ಕಾಲುಗಳ ನಡುವಿನ ಜಾಗದೊಳಗೆ ಇರುವವರೆಗೆ ಸ್ಟ್ಯಾಂಡ್ ನಿಂತಿರುತ್ತದೆ. ಗೆರೆ ಆಚೆ ಹೋದ ಕ್ಷಣ ಅದು ಬೀಳುತ್ತದೆ.

ಒಂದು ಉದಾಹರಣೆ ನೋಡಿ. ಸ್ಟ್ಯಾಂಡ್‌ನ ನಡುವಿನಿಂದ ಉರುಳುವ ಅಂಚಿಗೆ 12.5 ಸೆಂ.ಮೀ. ದೂರ ಇದೆ ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದ್ದರೆ, ಅದು ಉರುಳಲು ಸುಮಾರು 12 ಡಿಗ್ರಿ ವಾಲಬೇಕು. ಮೇಲೆ ದಪ್ಪ ಫೈಲ್, ಟ್ಯಾಬ್ಲೆಟ್ ಎಲ್ಲ ಪೇರಿಸಿ ಗುರುತ್ವ ಕೇಂದ್ರ 90 ಸೆಂ.ಮೀ.ಗೆ ಏರಿದರೆ, ಬರೀ 8 ಡಿಗ್ರಿ ವಾಲಿದರೆ ಸಾಕು. ಹಲಗೆ ಜೋಡಿಸಿ ಕಟ್ಟಿದ ತಾತ್ಕಾಲಿಕ ವೇದಿಕೆಯ ಮೇಲೆ ಯಾರೋ ಜೋರಾಗಿ ನಡೆದರೂ ಅಷ್ಟು ವಾಲಿಬಿಡಬಹುದು.

ನಮ್ಮ ಮನೆ, ಮಠ, ದೇವಸ್ಥಾನಗಳಲ್ಲಿ ಪಾರಾಯಣಕ್ಕೆ ಬಳಸುವ ವ್ಯಾಸಪೀಠವನ್ನು ನೆನಪಿಸಿಕೊಳ್ಳಿ. ಅದೂ ಮಡಚುವ ಪುಸ್ತಕದ ಸ್ಟ್ಯಾಂಡೇ. ತಿರುಪಿಲ್ಲ, ಲಾಕ್ ಇಲ್ಲ. ಆದರೂ ದಪ್ಪ ಗ್ರಂಥ ಇಟ್ಟರೆ ಬೀಳುವುದಿಲ್ಲ. ಕಾರಣ ಮರ ಭಾರ ಎಂಬುದಲ್ಲ, ಅದು ಗಿಡ್ಡ ಮತ್ತು ಅಗಲ ಎಂಬುದು. ನೆಲದ ಮೇಲೆ ಕುಳಿತು ಹಾಡುವವರಿಗೆ ಇಂದಿಗೂ ಅದಕ್ಕಿಂತ ಸ್ಥಿರವಾದ ಸ್ಟ್ಯಾಂಡ್ ಸಿಗುವುದು ಕಷ್ಟ.

ಮೂರು ಕಾಲಿನ ಗುಟ್ಟು

ಮಡಚುವ ಸ್ಟ್ಯಾಂಡ್‌ಗಳಲ್ಲಿ ಹೆಚ್ಚಿನವು ಮೂರು ಕಾಲಿನವು. ಇದಕ್ಕೆ ಒಳ್ಳೆಯ ಕಾರಣ ಇದೆ. ಮೂರು ಕಾಲಿನ ವಸ್ತು ಎಂಥ ಏರುಪೇರಿನ ನೆಲದಲ್ಲೂ ಕುಂಟುವುದಿಲ್ಲ. ನಾಲ್ಕು ಕಾಲಾದರೆ ಒಂದು ಕಾಲು ಗಾಳಿಯಲ್ಲಿ ಉಳಿಯುವ ಸಾಧ್ಯತೆ ಇರುತ್ತದೆ.

ಆದರೆ ಮೂರು ಕಾಲಿಗೆ ಒಂದು ದೌರ್ಬಲ್ಯವೂ ಇದೆ. ಅದು ಎಲ್ಲ ದಿಕ್ಕಿಗೂ ಸಮಾನವಾಗಿ ಗಟ್ಟಿಯಲ್ಲ. ನಡುವಿನಿಂದ ಕಾಲಿನ ತುದಿಗೆ 25 ಸೆಂ.ಮೀ. ಇದ್ದರೆ, ಆ ಕಾಲಿನ ದಿಕ್ಕಿಗೆ ಪೂರ್ತಿ 25 ಸೆಂ.ಮೀ. ಆಧಾರ ಸಿಗುತ್ತದೆ. ಆದರೆ ಎರಡು ಕಾಲುಗಳ ನಡುವಿನ ದಿಕ್ಕಿಗೆ ಸಿಗುವುದು ಅದರ ಅರ್ಧ, 12.5 ಸೆಂ.ಮೀ. ಮಾತ್ರ. ಸ್ಟ್ಯಾಂಡ್ ಉರುಳುವುದು ಸಾಮಾನ್ಯವಾಗಿ ಈ ದಿಕ್ಕಿಗೇ.

ಇದರಿಂದ ಒಂದು ಖರ್ಚಿಲ್ಲದ ಪಾಠ ಸಿಗುತ್ತದೆ. ಸ್ಟ್ಯಾಂಡ್ ಯಾವ ಕಡೆಗೆ ಬೀಳುವ ಅಪಾಯ ಹೆಚ್ಚೋ ಆ ಕಡೆಗೆ ಒಂದು ಕಾಲು ತಿರುಗಿಸಿಡಿ. ಪುಸ್ತಕದ ಭಾರ ಪೈಪಿಗಿಂತ ಓದುವವರ ಕಡೆಗೇ ಸ್ವಲ್ಪ ಮುಂದಿರುತ್ತದೆ. ಆದ್ದರಿಂದ ಒಳಾಂಗಣದಲ್ಲಿ ಒಂದು ಕಾಲು ನಿಮ್ಮ ಕಡೆಗಿರಲಿ, ನಿಮ್ಮ ಪಾದಕ್ಕೆ ತಾಗದಂತೆ ನೋಡಿಕೊಳ್ಳಿ. ಬಯಲಿನಲ್ಲಾದರೆ ಗಾಳಿ ಯಾವ ಕಡೆಗೆ ತಳ್ಳುತ್ತಿದೆಯೋ ಆ ಕಡೆಗೆ ಕಾಲಿರಲಿ.

ಕಾಲುಗಳನ್ನು ಎಷ್ಟು ಬಿಚ್ಚಬೇಕು ಎಂಬುದೂ ಮುಖ್ಯ. ಜಾಗ ಕಡಿಮೆ ಎಂದು ಅರ್ಧ ಬಿಚ್ಚಿ ನಿಲ್ಲಿಸಿದರೆ ಆಧಾರ ಕಿರಿದಾಗುತ್ತದೆ. ಅತಿಯಾಗಿ ಬಿಚ್ಚಿದರೆ ಕೆಲವು ಸ್ಟ್ಯಾಂಡ್‌ಗಳಲ್ಲಿ ನಡುವಿನ ಪೈಪಿನ ತುದಿ ನೆಲಕ್ಕೆ ತಾಗಿ, ಇಡೀ ಸ್ಟ್ಯಾಂಡ್ ಅದರ ಮೇಲೆ ಆಚೀಚೆ ಆಡುತ್ತದೆ. ಪೈಪಿನ ತುದಿ ನೆಲದಿಂದ ಬೆರಳಿನಷ್ಟು ಮೇಲಿದ್ದು, ಕಾಲುಗಳು ಆದಷ್ಟು ಅಗಲವಾಗಿದ್ದರೆ ಅದೇ ಸರಿಯಾದ ಸ್ಥಿತಿ.

ಗಾಳಿ ಬೀಸಿದರೆ ಏನಾಗುತ್ತದೆ? ಒಂದು ಲೆಕ್ಕ

ಬಯಲು ಕಾರ್ಯಕ್ರಮಗಳಲ್ಲಿ ಸ್ಟ್ಯಾಂಡ್‌ನ ದೊಡ್ಡ ವೈರಿ ಗಾಳಿ. ತೆರೆದಿಟ್ಟ ಫೈಲ್ ಹಾಯಿದೋಣಿಯ ಪಟದಂತೆ ಗಾಳಿಯನ್ನು ಹಿಡಿಯುತ್ತದೆ. ಎರಡು ಸ್ಟ್ಯಾಂಡ್‌ಗಳನ್ನು ಹೋಲಿಸಿ ನೋಡೋಣ. ಎರಡರಲ್ಲೂ ಅರ್ಧ ಕೆ.ಜಿ. ತೂಕದ ಎ4 ಫೈಲ್ ತೆರೆದಿಟ್ಟಿದೆ, ಎತ್ತರ 1.2 ಮೀಟರ್.

ಮೊದಲನೆಯದು ತೆಳು ಪಟ್ಟಿಗಳ ಅಗ್ಗದ ಸ್ಟ್ಯಾಂಡ್: ತೂಕ 1.2 ಕೆ.ಜಿ., ಕಾಲಿನ ಚಾಚು 25 ಸೆಂ.ಮೀ. ಎರಡನೆಯದು ಅಗಲ ಪ್ಲೇಟಿನ ದುಬಾರಿ ಸ್ಟ್ಯಾಂಡ್: ತೂಕ 3 ಕೆ.ಜಿ., ಕಾಲಿನ ಚಾಚು 30 ಸೆಂ.ಮೀ., ಪ್ಲೇಟಿನ ಅಳತೆ 50×35 ಸೆಂ.ಮೀ.

ಗಂಟೆಗೆ 18 ಕಿ.ಮೀ. ವೇಗದ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಅದೇನೂ ಬಿರುಗಾಳಿಯಲ್ಲ. ಎಲೆಗಳು, ಸಣ್ಣ ಕಡ್ಡಿಗಳು ಅಲುಗಾಡುತ್ತಲೇ ಇರುವ, ಹಗುರ ಬಾವುಟ ಬಿಚ್ಚಿಕೊಂಡು ಹಾರುವಷ್ಟು ಗಾಳಿ. ಉರುಳಿಸುವ ಬಲವನ್ನು ನ್ಯೂಟನ್-ಮೀಟರ್‌ನಲ್ಲಿ ಅಳೆದರೆ ಅಂದಾಜು ಲೆಕ್ಕ ಹೀಗಿದೆ:

- ಅಗ್ಗದ ಸ್ಟ್ಯಾಂಡ್‌ನ ಮೇಲೆ ಗಾಳಿಯ ಬಲ 2.8. ಎರಡು ಕಾಲುಗಳ ನಡುವಿನ ದಿಕ್ಕಿಗೆ ಅದು ತಡೆಯಬಲ್ಲದ್ದು 2.1. ಫಲಿತಾಂಶ: ಬೀಳುತ್ತದೆ.
- ಅದೇ ಸ್ಟ್ಯಾಂಡ್, ಗಾಳಿ ತಳ್ಳುವ ದಿಕ್ಕಿಗೆ ಒಂದು ಕಾಲು ತಿರುಗಿಸಿದ ಮೇಲೆ: ತಡೆಯಬಲ್ಲದ್ದು 4.2. ಫಲಿತಾಂಶ: ನಿಲ್ಲುತ್ತದೆ.
- ದುಬಾರಿ ಸ್ಟ್ಯಾಂಡ್‌ನ ಮೇಲೆ ಗಾಳಿಯ ಬಲ 3.9, ಏಕೆಂದರೆ ಅದರ ಪ್ಲೇಟ್ ದೊಡ್ಡದು. ಎರಡು ಕಾಲುಗಳ ನಡುವೆ ತಡೆಯಬಲ್ಲದ್ದು 5.1. ಫಲಿತಾಂಶ: ನಿಲ್ಲುತ್ತದೆ.
- ಅಗ್ಗದ ಸ್ಟ್ಯಾಂಡ್‌ನ ಕೆಳಭಾಗಕ್ಕೆ 2 ಕೆ.ಜಿ. ತೂಕ ನೇತುಹಾಕಿದರೆ: ಎರಡು ಕಾಲುಗಳ ನಡುವೆಯೂ ತಡೆಯಬಲ್ಲದ್ದು 4.5. ಫಲಿತಾಂಶ: ನಿಲ್ಲುತ್ತದೆ.

ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ. 2 ಕೆ.ಜಿ. ನೇತುಹಾಕಿದ ಅಗ್ಗದ ಸ್ಟ್ಯಾಂಡ್ ಗಾಳಿಯ ಬಲದ ಸುಮಾರು 1.6 ಪಟ್ಟು ತಡೆಯುತ್ತದೆ. ಏನೂ ನೇತುಹಾಕದ ದುಬಾರಿ ಸ್ಟ್ಯಾಂಡ್ ತಡೆಯುವುದು 1.3 ಪಟ್ಟು. ತುಂಬಿದ ಒಂದು ಲೀಟರ್ ನೀರಿನ ಬಾಟಲಿ ಸರಿಸುಮಾರು ಒಂದು ಕೆ.ಜಿ. ಇರುತ್ತದೆ. ಬಟ್ಟೆ ಚೀಲದಲ್ಲಿ ಎರಡು ಬಾಟಲಿ ಹಾಕಿ, ಮುಚ್ಚಳ ಬಿಗಿ ಮಾಡಿ, ಪೈಪಿನ ಕೆಳಭಾಗಕ್ಕೆ ಕಟ್ಟಿದರೆ ಕೆಲಸ ಆಯಿತು. ಮರಳು ತುಂಬಿದ ಚೀಲ ಇನ್ನೂ ಉತ್ತಮ. ಆದರೆ ಚೀಲ ನೆಲಕ್ಕೆ ತಾಗಬಾರದು. ತಾಗಿದರೆ ಅದರ ಭಾರವನ್ನು ನೆಲವೇ ಹೊರುತ್ತದೆ, ಸ್ಟ್ಯಾಂಡ್‌ಗೆ ಪ್ರಯೋಜನವಿಲ್ಲ. ತೂಗಾಡುವಂತೆಯೂ ಇರಬಾರದು.

ಒಂದು ಎಚ್ಚರಿಕೆ: ಗಾಳಿಯ ವೇಗ ದುಪ್ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಸಣ್ಣ ಮರಗಳು ತೂಗಾಡುವಂಥ ಗಂಟೆಗೆ 36 ಕಿ.ಮೀ. ಗಾಳಿಯಲ್ಲಿ ಮೇಲಿನ ಯಾವ ಸ್ಟ್ಯಾಂಡೂ ನಿಲ್ಲುವುದಿಲ್ಲ. ಮಳೆಗೆ ಮುಂಚೆ ಗಾಳಿ ಏಳುತ್ತಿದ್ದಂತೆ ಸ್ಟ್ಯಾಂಡ್‌ನ ಎತ್ತರ ತಗ್ಗಿಸಿ, ಫೈಲ್ ಮುಚ್ಚಿಬಿಡುವುದೇ ಜಾಣತನ.

ಹೇಳಿಕೆ 2: ಪ್ಲೇಟಿನಲ್ಲಿ ತೂತು ಇದ್ದರೆ ಗಾಳಿ ಹಾದುಹೋಗುತ್ತದೆ

ಪ್ಲೇಟ್ ಖಾಲಿ ಇದ್ದಾಗ ಮಾತ್ರ ಇದು ನಿಜ. ಪುಸ್ತಕ ಇಟ್ಟ ಮೇಲೆ ತೂತುಗಳೆಲ್ಲ ಮುಚ್ಚಿಹೋಗುತ್ತವೆ, ಪುಸ್ತಕ ಮುಚ್ಚದೆ ಬಿಟ್ಟ ಅಂಚಿನಲ್ಲಷ್ಟೇ ಗಾಳಿ ಹಾಯುತ್ತದೆ. ತೂತುಗಳಿಂದ ಪ್ಲೇಟಿನ ತೂಕ ಕಡಿಮೆಯಾಗುತ್ತದೆ, ಅಂದರೆ ಮೇಲಿನ ಭಾರ ಇಳಿಯುತ್ತದೆ. ಅದು ಒಳ್ಳೆಯದೇ. ಆದರೆ ಗಾಳಿಗೆ ಬೀಳುವುದಿಲ್ಲ ಎಂಬ ಭರವಸೆಗೆ ತೂತುಗಳನ್ನು ನಂಬಬೇಡಿ.

ಹೇಳಿಕೆ 3: ಉಕ್ಕು ಗಟ್ಟಿ, ಅಲ್ಯೂಮಿನಿಯಂ ಬಾಗುತ್ತದೆ

ಲೋಹಗಳನ್ನಷ್ಟೇ ಹೋಲಿಸಿದರೆ ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ. ಜೊತೆಗೆ ಸುಮಾರು ಮೂರು ಪಟ್ಟು ಭಾರ. ಆದರೆ ನಾವು ಕೊಳ್ಳುವುದು ಲೋಹದ ಗಟ್ಟಿಯನ್ನಲ್ಲ, ಪೈಪನ್ನು. ಪೈಪ್ ಎಷ್ಟು ಬಾಗುತ್ತದೆ ಎಂಬುದಕ್ಕೆ ಲೋಹಕ್ಕಿಂತಲೂ ಅದರ ವ್ಯಾಸ ಮುಖ್ಯ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಸುಮಾರು 1.44 ಪಟ್ಟು ಆದರೆ, ಪೈಪಿನ ಬಿಗಿ ಮೂರು ಪಟ್ಟಾಗುತ್ತದೆ. ಅಂದರೆ ಸ್ವಲ್ಪ ದಪ್ಪನೆಯ ಅಲ್ಯೂಮಿನಿಯಂ ಪೈಪ್ ಉಕ್ಕಿನಷ್ಟೇ ಬಿಗಿಯಾಗಿರಬಲ್ಲದು, ತೂಕ ಮಾತ್ರ ಹೆಚ್ಚುಕಡಿಮೆ ಅರ್ಧ.

ಹಾಗಾಗಿ ‘ಯಾವ ಲೋಹ?’ ಎಂದು ಕೇಳುವುದಕ್ಕಿಂತ ಮೇಲಿನ ತೆಳು ಪೈಪನ್ನು ಪೂರ್ತಿ ಎಳೆದು ನೋಡುವುದು ಹೆಚ್ಚು ಉಪಯುಕ್ತ. ಬಾಗುವುದು ಅಲ್ಲೇ. ಎರಡು ಮೂರು ಹಂತದಲ್ಲಿ ಎಳೆಯುವ ಸ್ಟ್ಯಾಂಡ್ ಆಗಿದ್ದರೆ ಮೊದಲು ದಪ್ಪ ಹಂತವನ್ನು ಎಳೆಯಿರಿ, ತೆಳು ಹಂತವನ್ನು ಕೊನೆಗೆ ಉಳಿಸಿಕೊಳ್ಳಿ.

ಕರಾವಳಿಯವರಿಗೆ ಇನ್ನೊಂದು ವಿಷಯ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಉಕ್ಕಿನ ಬಣ್ಣ ಅಥವಾ ಲೇಪ ಕಿತ್ತುಬಂದ ಕಡೆಯೆಲ್ಲ ತುಕ್ಕು ಬೇಗ ಹಿಡಿಯುತ್ತದೆ. ಪೈಪ್ ಮೇಲೆ ಕೆಳಗೆ ಸರಿಯುವ ಜಾಗದಲ್ಲೇ ಲೇಪ ಮೊದಲು ಸವೆಯುತ್ತದೆ. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದರಲ್ಲಿರುವ ಉಕ್ಕಿನ ತಿರುಪು ಹಿಡಿಯಬಹುದು. ಯಾವುದೇ ಆದರೂ ಕಾರ್ಯಕ್ರಮ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ.

ಹೇಳಿಕೆ 4: ಇದು 10 ಕೆ.ಜಿ. ತಡೆಯುತ್ತದೆ

ಜಾಹೀರಾತಿನಲ್ಲಿ ಬರುವ ಇಂಥ ಸಂಖ್ಯೆ ಸುಳ್ಳಾಗಿರಬೇಕಿಲ್ಲ, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಭಾರವನ್ನು ಅಲುಗಾಡದಂತೆ ನೇರವಾಗಿ ಇಟ್ಟಾಗ ಪ್ಲೇಟ್ ಮುರಿಯುವುದಿಲ್ಲ ಎಂದಷ್ಟೇ ಅದರ ಅರ್ಥವಾಗಿರಬಹುದು. ಪಕ್ಕದಿಂದ ಕೈ ತಾಗಿದರೆ ಸ್ಟ್ಯಾಂಡ್ ಉರುಳುತ್ತದೆಯೇ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಕೊಳ್ಳುವಾಗ ಹುಡುಕಬೇಕಾದ ಸಂಖ್ಯೆಗಳು ಬೇರೆ: ಕಾಲು ಬಿಚ್ಚಿದಾಗಿನ ಅಗಲ, ಗರಿಷ್ಠ ಎತ್ತರ, ಸ್ಟ್ಯಾಂಡ್‌ನ ತೂಕ, ಮಡಚಿದಾಗಿನ ಉದ್ದ.

ಮೊದಲು ಕೈಕೊಡುವುದು ಜೋಡಣೆಗಳು

ವಾರಕ್ಕೊಮ್ಮೆ ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ವಾರಕ್ಕೆ ನಾಲ್ಕು ಕಾರ್ಯಕ್ರಮ ಕೊಡುವವರಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಪ್ರತಿ ಸಲ ಬಿಚ್ಚಿ ಮಡಚುವಾಗ ಸವೆಯುವುದು ಪೈಪಲ್ಲ, ಅವು ಸೇರುವ ಜಾಗ. ಮುಖ್ಯವಾಗಿ ಮೂರು ಕಡೆ ಗಮನ ಕೊಡಿ.

*ಪ್ಲೇಟ್ ವಾಲಿಸುವ ಜೋಡಣೆ.* ಇದು ಸಡಿಲವಾದರೆ ಹಾಡಿನ ನಡುವೆ ಪುಸ್ತಕ ಮುಂದಕ್ಕೆ ಬಾಗಿ ಜಾರುತ್ತದೆ. ಇಲ್ಲಿ ಲೋಹದ ತಿರುಪು, ಅಗಲವಾದ ಹಿಡಿತ ಇರುವುದನ್ನು ಆರಿಸಿ.

*ಎತ್ತರ ಹಿಡಿಯುವ ಲಾಕ್.* ಪ್ಲಾಸ್ಟಿಕ್ ನಾಬ್‌ಗಳನ್ನು ಜಾರದಿರಲಿ ಎಂದು ಅತಿಯಾಗಿ ಬಿಗಿದರೆ ಒಳಗಿನ ಮರೆ ಸವೆದುಹೋಗುತ್ತದೆ ಅಥವಾ ನಾಬ್ ಸೀಳುತ್ತದೆ. ಅಮೆರಿಕದ ಮ್ಯಾನ್‌ಹ್ಯಾಸೆಟ್ ಕಂಪನಿಯ ಪ್ರಸಿದ್ಧ ಆರ್ಕೆಸ್ಟ್ರಾ ಸ್ಟ್ಯಾಂಡ್‌ಗಳಲ್ಲಿ ಎತ್ತರಕ್ಕೆ ನಾಬೇ ಇಲ್ಲ, ಒಳಗಿನ ಘರ್ಷಣೆಯ ಹಿಡಿತವೇ ಪೈಪನ್ನು ನಿಲ್ಲಿಸುತ್ತದೆ. ಆದರೆ ಅವು ಸಭಾಂಗಣಕ್ಕೆ ಹೇಳಿ ಮಾಡಿಸಿದವು. ಬಸ್ಸು, ಸ್ಕೂಟರ್‌ನಲ್ಲಿ ಓಡಾಡುವವರಿಗೆ ಕಾಲು ಮಡಚುವ ಸ್ಟ್ಯಾಂಡೇ ಬೇಕು.

*ಕಾಲುಗಳು ಪೈಪಿಗೆ ಸೇರುವ ಭಾಗ.* ಪ್ಲಾಸ್ಟಿಕ್ ಆಗಿದ್ದರೆ ದಪ್ಪವಾಗಿರಲಿ. ರಿವಿಟ್ ಬದಲು ನಟ್-ಬೋಲ್ಟ್ ಇದ್ದರೆ ಉತ್ತಮ, ಸಡಿಲವಾದಾಗ ನೀವೇ ಬಿಗಿ ಮಾಡಬಹುದು. ಬಿಡಿ ನಾಬ್, ಬಿಡಿ ರಬ್ಬರ್ ಬುಷ್ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಒಂದು ಬುಷ್ ಕಳೆದುಹೋದರೂ ಸ್ಟ್ಯಾಂಡ್ ನುಣುಪು ನೆಲದಲ್ಲಿ ಜಾರುತ್ತದೆ.

ಫೋನ್, ಟ್ಯಾಬ್ಲೆಟ್ ಇಡುವವರಿಗೆ

ತೆಳು ಪಟ್ಟಿಗಳ ಸ್ಟ್ಯಾಂಡ್ ಹಾಳೆಗಾಗಿ ಮಾಡಿದ್ದು. ಸುಮಾರು ಅರ್ಧ ಕೆ.ಜಿ. ತೂಗುವ ಟ್ಯಾಬ್ಲೆಟ್ ಅದರ ಮೇಲೆ ನಿಲ್ಲಬಹುದು. ಆದರೆ ಸ್ಕ್ರೀನ್ ಮುಟ್ಟಿ ಪುಟ ತಿರುಗಿಸುವಾಗ ಪ್ರತಿ ಸಲವೂ ನೀವು ಸ್ಟ್ಯಾಂಡ್‌ನ ಮೇಲ್ಭಾಗವನ್ನೇ ತಳ್ಳುತ್ತೀರಿ. ಜೊತೆಗೆ ಫೋನ್ ಜಾರಿ ಪಟ್ಟಿಗಳ ನಡುವಿನಿಂದ ಬೀಳಬಹುದು. ಟ್ಯಾಬ್ಲೆಟ್ ಬಳಸುವವರು ಪೈಪಿಗೇ ಬಿಗಿಯುವ ಕ್ಲ್ಯಾಂಪ್ ಹೋಲ್ಡರ್ ತೆಗೆದುಕೊಳ್ಳುವುದು ಒಳ್ಳೆಯದು. ಅದು ಚಿಕ್ಕದು, ಗಾಳಿಯನ್ನೂ ಕಡಿಮೆ ಹಿಡಿಯುತ್ತದೆ.

ಕುತ್ತಿಗೆಯ ಮೇಲೆ 27 ಕೆ.ಜಿ.: ಆ ಫಾರ್ವರ್ಡ್ ನಿಜವೇ?

‘ತಲೆ ಬಗ್ಗಿಸಿ ಫೋನ್ ನೋಡಿದರೆ ಕುತ್ತಿಗೆಯ ಮೇಲೆ 27 ಕೆ.ಜಿ. ಭಾರ ಬೀಳುತ್ತದೆ’ ಎಂಬ ಮಾತು ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಇದರ ಮೂಲ ಅಮೆರಿಕದ ಬೆನ್ನೆಲುಬು ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಪ್ರಕಟಿಸಿದ ಲೇಖನ. ಅದು ಕಂಪ್ಯೂಟರ್ ಮಾದರಿಯ ಲೆಕ್ಕವೇ ಹೊರತು ಜನರ ಕುತ್ತಿಗೆಯನ್ನು ಅಳೆದು ಕಂಡುಕೊಂಡದ್ದಲ್ಲ. 27 ಕೆ.ಜಿ. ಎಂಬುದು ತಲೆಯನ್ನು 60 ಡಿಗ್ರಿ ಬಗ್ಗಿಸಿದಾಗಿನ ಸಂಖ್ಯೆ. ಅದರಿಂದ ರೋಗ ಬಂದೇ ಬರುತ್ತದೆ ಎಂದು ಆ ಲೆಕ್ಕ ಸಾಬೀತು ಮಾಡುವುದಿಲ್ಲ.

ಆದರೂ ಮೂರು ಗಂಟೆ ತಲೆ ಬಗ್ಗಿಸಿ ಹಾಡಿದರೆ ಕುತ್ತಿಗೆ ನೋಯುವುದು ಸಹಜ. ಪ್ಲೇಟಿನ ಮೇಲಂಚು ಗಲ್ಲದ ಮಟ್ಟಕ್ಕಿಂತ ಸ್ವಲ್ಪ ಕೆಳಗಿದ್ದರೆ ಪುಟವೂ ಕಾಣುತ್ತದೆ, ಪ್ರೇಕ್ಷಕರೂ ಕಾಣುತ್ತಾರೆ. ಇಲ್ಲೇ ಗಟ್ಟಿತನದ ಪ್ರಶ್ನೆ ಮತ್ತೆ ಬರುತ್ತದೆ. ನಿಂತು ಹಾಡುವವರಿಗೆ ಬೇಕಾದ ಎತ್ತರ ನಿಮ್ಮ ಸ್ಟ್ಯಾಂಡ್‌ನ ಗರಿಷ್ಠ ಮಿತಿಯಾಗಿರಬಾರದು. ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚು ಏರುವ ಸ್ಟ್ಯಾಂಡ್ ಕೊಂಡರೆ, ಪೈಪಿನ ಸಾಕಷ್ಟು ಭಾಗ ಒಳಗೇ ಉಳಿದು ಅಲುಗಾಟ ಕಡಿಮೆಯಾಗುತ್ತದೆ.

ನಲವತ್ತು ದಾಟಿದವರು ಇನ್ನೊಂದು ಅಂಶ ಗಮನಿಸಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಸುಮಾರು 40 ಸೆಂ.ಮೀ. ದೂರಕ್ಕೆ ಹೊಂದಿಸಿರುತ್ತಾರೆ. ಸ್ಟ್ಯಾಂಡ್ ಇರುವುದು ಅದಕ್ಕಿಂತ ದೂರದಲ್ಲಿ. ಅಕ್ಷರ ಮಸುಕಾದರೆ ಸ್ಟ್ಯಾಂಡನ್ನು ಎಳೆದಾಡುವ ಬದಲು ದೂರವನ್ನು ಅಳೆದುಕೊಂಡು ಕಣ್ಣಿನ ವೈದ್ಯರಿಗೆ ಹೇಳಿ.

ವೈರ್ ಮೇಲೆ ಕಾಲಿಡಬೇಡಿ

ಪೆಂಡಾಲ್‌ಗಳಲ್ಲಿ ವಿದ್ಯುತ್ ವೈರ್‌ಗಳು ನೆಲದ ಮೇಲೆಯೇ ಹರಡಿರುತ್ತವೆ. ಸ್ಟ್ಯಾಂಡ್‌ನ ಕಾಲು ವೈರ್ ಮೇಲೆ ಕುಳಿತು ಅದರ ಹೊದಿಕೆ ಹರಿದರೆ ಇಡೀ ಲೋಹದ ಸ್ಟ್ಯಾಂಡ್‌ಗೆ ವಿದ್ಯುತ್ ಹರಿಯಬಹುದು. ನೆಲ ಒದ್ದೆಯಿದ್ದರೆ ಜೀವಕ್ಕೇ ಅಪಾಯ. ಬಣ್ಣ ಬಳಿದಿದೆ, ರಬ್ಬರ್ ಬುಷ್ ಇದೆ ಎಂದು ನಂಬಿ ಕೂರಬೇಡಿ. ಸ್ಟ್ಯಾಂಡ್‌ಗೆ ಸಿಕ್ಕಿಸುವ ದೀಪ ಬ್ಯಾಟರಿಯ ಎಲ್‌ಇಡಿ ಆಗಿರಲಿ.

ಅಂಗಡಿಯಲ್ಲೇ ಮಾಡಬಹುದಾದ ಐದು ಪರೀಕ್ಷೆ

1. ಸ್ಟ್ಯಾಂಡನ್ನು ನಿಮಗೆ ಬೇಕಾದ ಎತ್ತರಕ್ಕೆ ನಿಲ್ಲಿಸಿ, ನೀವು ನಿಜವಾಗಿ ಬಳಸುವ ಫೈಲನ್ನೇ ಇಡಿ. ಬರಿ ಸ್ಟ್ಯಾಂಡ್ ನೋಡಿ ತೀರ್ಮಾನಿಸಬೇಡಿ.
2. ಎರಡು ಕಾಲುಗಳ ನಡುವಿನ ದಿಕ್ಕಿಗೆ, ಮೇಲ್ಭಾಗವನ್ನು ಒಂದು ಬೆರಳಿನಿಂದ ನಿಧಾನವಾಗಿ ತಳ್ಳಿ. ಇನ್ನೊಂದು ಕೈ ಹಿಡಿಯಲು ಸಿದ್ಧವಿರಲಿ. ಬೆರಳು ತಾಗಿಸಿದ ಕೂಡಲೇ ವಾಲಿದರೆ ಬಿಟ್ಟುಬಿಡಿ.
3. ಪ್ಲೇಟನ್ನು ಆಚೀಚೆ ತಿರುಚಿ ನೋಡಿ. ಬಿಗಿ ಮಾಡಿದ ಮೇಲೂ ತಿರುಗಿದರೆ ಜೋಡಣೆ ದುರ್ಬಲ.
4. ಪ್ಲೇಟಿನ ಕೆಳ ಅಂಚನ್ನು ಅಂಗೈಯಿಂದ ಕೆಳಕ್ಕೆ ಒತ್ತಿ. ಪೈಪ್ ಒಳಗೆ ಜಾರಿದರೆ ಲಾಕ್ ಸಾಲದು.
5. ಅಂಗಡಿಯವರ ಸಹಾಯವಿಲ್ಲದೆ ನೀವೇ ಮೂರು ಸಲ ಬಿಚ್ಚಿ ಮಡಚಿ. ಅಲ್ಲೇ ಬೆರಳು ಸಿಕ್ಕಿಕೊಂಡರೆ, ಕತ್ತಲ ವೇದಿಕೆಯಲ್ಲಿ ಇನ್ನೂ ಕಷ್ಟ.

ಆನ್‌ಲೈನ್‌ನಲ್ಲಿ ಕೊಂಡವರು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇದೇ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿ.

ಹಾಗಾದರೆ ಯಾರಿಗೆ ಯಾವುದು?

ಬಸ್ಸಿನಲ್ಲಿ ಓಡಾಡುವ, ಕೆಲವು ಹಾಳೆಗಳನ್ನಷ್ಟೇ ಇಡುವ ಗಾಯಕರಿಗೆ ಒಳ್ಳೆಯ ಜೋಡಣೆಗಳಿರುವ ಹಗುರ ಸ್ಟ್ಯಾಂಡ್ ಮತ್ತು ಒಂದು ತೂಕದ ಚೀಲ ಸಾಕು. ದಪ್ಪ ಫೈಲ್ ಇಡುವ ವಾದ್ಯಗಾರರಿಗೆ ಅಗಲ ಪ್ಲೇಟ್, ಅಗಲ ಕಾಲಿನ 2–3 ಕೆ.ಜಿ. ಸ್ಟ್ಯಾಂಡ್ ಬೇಕು. ಟ್ಯಾಬ್ಲೆಟ್ ಬಳಸುವವರು ಪ್ಲೇಟನ್ನೇ ಮರೆತು ಕ್ಲ್ಯಾಂಪ್ ನೋಡಲಿ. ಕುಳಿತು ಹಾಡುವವರಿಗೆ ವ್ಯಾಸಪೀಠ ಇದ್ದೇ ಇದೆ.

ತೀರ್ಮಾನ: ‘ಭಾರ ಇದ್ದರೆ ಬೀಳುವುದಿಲ್ಲ’ ಎಂಬ ಹೇಳಿಕೆ ಪೂರ್ತಿ ನಿಜವಲ್ಲ. ಸ್ಟ್ಯಾಂಡನ್ನು ನಿಲ್ಲಿಸುವುದು ಕಾಲುಗಳ ಹರವು, ತಗ್ಗಿನಲ್ಲಿರುವ ತೂಕ ಮತ್ತು ಕಾಲು ತಿರುಗಿಸಿಟ್ಟ ದಿಕ್ಕು. ಹೊಸ ಸ್ಟ್ಯಾಂಡ್‌ಗೆ ದುಡ್ಡು ಹಾಕುವ ಮೊದಲು, ಈಗಿರುವುದಕ್ಕೇ ಎರಡು ನೀರಿನ ಬಾಟಲಿ ಕಟ್ಟಿ, ಒಂದು ಕಾಲನ್ನು ಸರಿಯಾದ ಕಡೆಗೆ ತಿರುಗಿಸಿ ನೋಡಿ. ಹಾಡುವ, ನುಡಿಸುವ ಗೆಳೆಯರಿದ್ದರೆ ಅವರಿಗೂ ಇದನ್ನು ಕಳುಹಿಸಿ.